ನೀಲಿ ಪಂಪಿನ ಮ್ಯಾಜಿಕ್ ಶೋ

"ಅಮ್ಮಾ, ಗುಂಡನ ಎದೆ ಮತ್ತೆ ಸಿಳ್ಳೆ ಹೊಡೀತಿದೆ!"

ಚೂಟಿ ಕೂಗಿದ್ದೇ ತಡ, ಅಮ್ಮ ಹೊಲಿಗೆ ಮೆಷಿನ್ ಬಿಟ್ಟು ಓಡಿ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಆರು ವರ್ಷದ ತಮ್ಮ ಗುಂಡ ಮಂಚದ ಅಂಚಿನಲ್ಲಿ ಕೂತು ಏದುಸಿರು ಬಿಡುತ್ತಿದ್ದ. ಅವನಿಗೆ ಆಸ್ತಮಾ.

"ಮಲಗಬೇಡ ಮರಿ, ನೆಟ್ಟಗೆ ಕೂತ್ಕೋ. ಚೂಟಿ, ನೀಲಿ ಪಂಪು ತಾರೇ!"

ಚೂಟಿ ಕದಲಲಿಲ್ಲ. ಅಮ್ಮನೇ ಔಷಧಿಯ ಪಂಪು ತಂದು, ಮಾಸ್ಕಿನ ಕೊಳವೆಗೆ ಸಿಕ್ಕಿಸಿ ಒತ್ತಿದಳು. ಬರೀ ಟಿಕ್ ಎಂದಿತು. ಇನ್ನೆಷ್ಟು ಸಲ ಉಳಿದಿದೆ ಎಂದು ತೋರಿಸುವ, ಪಂಪಿನ ಹಿಂದಿನ ಪುಟ್ಟ ಕಿಂಡಿಯಲ್ಲಿ ಸೊನ್ನೆ.

"ಅಯ್ಯೋ! ಇನ್ನೂ ಮೂವತ್ತು ಸಲ ಬರುತ್ತೆ ಅಂದ್ಕೊಂಡಿದ್ನಲ್ಲ!"

ಆ ಮೂವತ್ತೂ ಎಲ್ಲಿ ಹೋದವೆಂದು ಚೂಟಿಗೆ ಗೊತ್ತಿತ್ತು. ನಿನ್ನೆ ಮೆಟ್ಟಿಲ ಮೇಲೆ ಅವಳ ಮಹಾ ಮ್ಯಾಜಿಕ್ ಶೋ! ತಲೆಗೆ ಅಮ್ಮನ ಚೂರು ಬಟ್ಟೆಯ ಪೇಟ. ಪಂಪು ಒತ್ತಿದರೆ ಬುಸ್ಸೆಂದು ಬಿಳಿ ಹೊಗೆ. "ವನ್ಸ್ ಮೋರ್!" ಎಂದರು ಗೆಳತಿಯರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಗುಂಡ. ನಿನ್ನೆ ಗುಂಡುಕಲ್ಲಿನ ಹಾಗಿದ್ದ ಮಾರಾಯ!

ಪಕ್ಕದ ಮನೆಯ ಡ್ರೈವರ್ ಮಾಮ ಕಾರು ತೆಗೆದ. ಕ್ಲಿನಿಕ್ಕಿನಲ್ಲಿ ನರ್ಸ್ ಗುಂಡನ ಮುಖಕ್ಕೆ ಮಾಸ್ಕ್ ಕಟ್ಟಿ ಮೆಷಿನ್ ಹಚ್ಚಿದಳು.

"ಪಂಪು ಮುಗಿಯೋ ತನಕ ಕಾಯೋದಾ ಅಮ್ಮಾ? ಇನ್ನೊಂದು ತಂದಿಟ್ಟಿರಬೇಕು ತಾನೇ?" ಡಾಕ್ಟರು ಕೇಳಿದರು.

ಅಮ್ಮ ತಲೆ ತಗ್ಗಿಸಿದಳು. "ನಂದೇ ತಪ್ಪು ಡಾಕ್ಟ್ರೇ. ಯೂನಿಫಾರಂ ಹೊಲಿಯೋ ಗಡಿಬಿಡೀಲಿ ನೋಡ್ಕೊಳ್ಳಲೇ ಇಲ್ಲ."

ಚೂಟಿ ಅಮ್ಮನ ಹಿಂದೆ ಸರಿದಳು. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಗುಂಡನ ಸಿಳ್ಳೆ ಕಡಿಮೆಯಾಯಿತು. ಮಾಸ್ಕಿನ ಎರಡೂ ಬದಿಯಿಂದ ಬಿಳಿ ಹೊಗೆ ಏಳುತ್ತಿತ್ತು. ಅದನ್ನು ನೋಡಿ ಅವನ ಕಣ್ಣು ಅರಳಿತು. ಮೆಲ್ಲಗೆ ಚಪ್ಪಾಳೆ ತಟ್ಟಿದ.

"ಅಕ್ಕಾ... ವನ್ಸ್ ಮೋರ್!"

ನರ್ಸ್ ನಕ್ಕಳು, ಅಮ್ಮನೂ ನಕ್ಕಳು. ಚೂಟಿಗೆ ಅಳು ಒತ್ತರಿಸಿ ಬಂತು.

"ಅಮ್ಮಾ, ನಿಂದಲ್ಲ ತಪ್ಪು. ನಾನೇ... ಮ್ಯಾಜಿಕ್ ಮಾಡೋಕೆ ಎಲ್ಲಾ ಒತ್ತಿಬಿಟ್ಟೆ."

ಅಮ್ಮ ಅವಳ ಕಡೆ ತಿರುಗಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಎರಡೇಟು ಕೊಟ್ಟಿದ್ದರೇ ಚೆನ್ನಾಗಿತ್ತು ಅನ್ನಿಸಿತು ಚೂಟಿಗೆ.

ಹೊರಡುವಾಗ ಅಮ್ಮ ಹೊಸ ಪಂಪನ್ನು ಚೂಟಿಯ ಕೈಗೇ ಕೊಟ್ಟಳು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಾರಿನಲ್ಲಿ ಕೂತಳು. ಬೆರಳು ಒತ್ತುವ ಜಾಗದ ಹತ್ತಿರಕ್ಕೂ ಹೋಗಲಿಲ್ಲ.

ಗುಂಡ ಅವಳ ತೋಳಿಗೆ ಒರಗಿದ. "ಅಕ್ಕಾ, ನಾಳೆ ಶೋ ಇದ್ಯಾ?"

"ಇಲ್ಲ ಕಣೋ," ಎಂದಳು ಚೂಟಿ. "ಇದು ನಿಂದು."

ಆಮೇಲೆ ಮನೆ ಬರುವ ತನಕ ಅವನ ಉಸಿರಾಟವನ್ನೇ ಕೇಳಿಸಿಕೊಳ್ಳುತ್ತಾ ಕೂತಳು.