ಗುಲಾಬಿ ತುದಿಯ ಕಡ್ಡಿ

ಮಾರ್ಚ್ ಹನ್ನೊಂದು, ಮಂಗಳವಾರ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ.

ಯಂತ್ರ ನನ್ನ ಮುಖಕ್ಕೇ ಸುಳ್ಳು ಹೇಳಿತು.

ಗಡಿಯಾರ ರಿಪೇರಿ ಮಾಡುವವರೊಬ್ಬರ ಎಡಗಣ್ಣಿನಿಂದ ಹತ್ತಿಯ ಕಡ್ಡಿಯಲ್ಲಿ ಒರೆಸಿ ತೆಗೆದ ಸ್ಯಾಂಪಲ್ ಅದು. ಹರ್ಪಿಸ್ ವೈರಸ್ ಇಲ್ಲವೆಂದು ಬೆಳಿಗ್ಗೆಯೇ ನಮ್ಮ ಲ್ಯಾಬಿನಿಂದ ರಿಪೋರ್ಟ್ ಹೋಗಿತ್ತು. ಆದರೆ ಕಡ್ಡಿಯ ತುದಿ ಯಾಕೋ ನಸುಗುಲಾಬಿ... ನನಗೆ ಅನುಮಾನ ಬಂತು. ಉಳಿದಿದ್ದ ಸ್ಯಾಂಪಲ್‌ಗೆ ಹರ್ಪಿಸ್‌ನ ಡಿಎನ್‌ಎಯನ್ನು ನಾನೇ ಬೆರೆಸಿ, ವೈರಸ್ ಪತ್ತೆ ಹಚ್ಚುವ ಪಿಸಿಆರ್ ಯಂತ್ರಕ್ಕೆ ಕೊಟ್ಟೆ. ಆಗಲೂ ಅದರದು ಒಂದೇ ಮಾತು.

ಯಾರೂ ಇಲ್ಲ.

ಕಳ್ಳನನ್ನು ನಾನೇ ಕೈಹಿಡಿದು ಮನೆಯೊಳಗೆ ಬಿಟ್ಟಿದ್ದೇನೆ. ಕಾವಲುಗಾರ ಮನೆ ಖಾಲಿ ಅನ್ನುತ್ತಾನೆ. ಅಂದರೆ ಯಾರೋ ಅವನ ಕಣ್ಣು ಕಟ್ಟಿದ್ದಾರೆ.

ಯಾರೆಂದು ಊಹಿಸಲು ತಲೆ ಕೆರೆದುಕೊಳ್ಳಬೇಕಾಗಿರಲಿಲ್ಲ. ಮೇಲಿನ ಮಹಡಿಯ ಕಣ್ಣಿನ ಡಾಕ್ಟರ್.

ನನ್ನ ಅಕ್ಕ.

ಫೋನ್ ಮಾಡಿದೆ.

“ಗಡಿಯಾರದವರ ಕಣ್ಣಿಗೆ ಗುಲಾಬಿ ಬಣ್ಣ ಹಾಕಿದ್ಯಾ?”

“ಹಾಕ್ದೆ ಇದ್ರೆ ಗಾಯ ಹೇಗೆ ಕಾಣುತ್ತೆ?”

“ಸ್ಯಾಂಪಲ್ ತೆಗೆಯೋಕೆ ಮುಂಚೆನಾ, ಆಮೇಲಾ?”

ಆ ಕಡೆ ಕೇಸ್ ಶೀಟ್ ತಿರುವಿದ ಸದ್ದು.

“ಮುಂಚೆ.”

“ಆ ಬಣ್ಣ ಪಿಸಿಆರ್‌ನ ಕೆಡಿಸುತ್ತೆ ಅಕ್ಕ.”

“ಚಿಕ್ಕವಳಿದ್ದಾಗ್ಲೂ ನಿಂದು ಇದೇ. ಏನು ಕೆಟ್ರೂ ಅಕ್ಕನೇ ಕೆಡಿಸಿದ್ದು.”

“ಅವರಿಗೆ ಏನು ಬರ್ದುಕೊಟ್ಟೆ?”



“ಸ್ಟೆರಾಯ್ಡ್ ಹನಿ. ಊಟ ಆದ್ಮೇಲೆ ಶುರು ಮಾಡಿ ಅಂದಿದ್ದೀನಿ. ನಿನ್ನ ರಿಪೋರ್ಟ್ ನಂಬಿ ಕಣೇ.”

ಹರ್ಪಿಸ್ ಹುಣ್ಣಿರುವ ಕಣ್ಣಿಗೆ ಬರೀ ಸ್ಟೆರಾಯ್ಡ್ ಬಿಟ್ಟರೆ ವೈರಸ್‌ಗೆ ರಾಜಮರ್ಯಾದೆ. ಕಣ್ಣಿನ ಮುಂಭಾಗದ ಗಾಜಿನಂಥ ಪೊರೆಯನ್ನು ಅದು ನಿಧಾನವಾಗಿ ಕೂತು ತಿನ್ನುತ್ತದೆ. ಆ ಮನುಷ್ಯ ಭೂತಗನ್ನಡಿ ಸಿಕ್ಕಿಸಿಕೊಂಡು ದುಡಿಯುವುದು ಅದೇ ಕಣ್ಣಿನಲ್ಲಿ.

ಅಂಗಡಿಯಲ್ಲಿ ಫೋನ್ ಎತ್ತುವವರಿಲ್ಲ. ನಾನು ಸ್ಕೂಟರ್ ಹತ್ತಿದೆ. ಬಿಳಿ ಕೋಟಿನಲ್ಲೇ ಅಕ್ಕ ಹಿಂದೆ ಕೂತಳು.

“ಲಾರಿ ಬರ್ತಿದೆ.”

“ಕಾಣುತ್ತೆ.”

“ಅವನಿಗೆ ನಾವು ಕಾಣ್ತಿದ್ದೀವಾ?”

ಬ್ರೇಕ್ ಕಿರುಚಿತು. ನಾವು ಲಾರಿಗೂ ಕಾಂಪೌಂಡಿಗೂ ನಡುವೆ ನುಸುಳಿಕೊಂಡು ಆಚೆ ಬಂದೆವು.

“ಲಾರಿ ಡ್ರೈವರ್ ನಮ್ಮಮ್ಮನ ಬಗ್ಗೆ ಏನೋ ಅಂದ,” ಎಂದಳು ಅಕ್ಕ.

“ಬರ್ತಾ ಕೇಳಿಸಿಕೊಳ್ಳೋಣ.”

ಅಂಗಡಿ ಬೀರುವಿನಷ್ಟು ಅಗಲ. ಗಡಿಯಾರದವರು ಸ್ಟೂಲಿನ ಮೇಲೆ ಕತ್ತು ಹಿಂದಕ್ಕೆ ಚೆಲ್ಲಿ ಕೂತಿದ್ದರು. ಅವರ ಹೆಂಡತಿಯ ಕೈಯಲ್ಲಿ ಬಾಟಲಿ. ಅದರ ಮೂತಿಯಲ್ಲಿ ಹನಿ ಊದಿಕೊಳ್ಳುತ್ತಿತ್ತು...

“ನಿಲ್ಸಿ.”

“ಡಾಕ್ಟ್ರು ಹಾಕಿ ಅಂದಿದ್ದಾರೆ. ಬೇಡ ಅನ್ನೋಕೆ ನೀವ್ಯಾರಮ್ಮ?”

“ಲ್ಯಾಬಿನವಳು.”

“ಹತ್ತಿರ ಬಂದ್ರೆ ನೋಡಿ.” ಆಕೆ ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್ ಎತ್ತಿದಳು. ಕೈಗಡಿಯಾರದ್ದು. ಕಡ್ಡಿಪೆಟ್ಟಿಗೆಯ ಕಡ್ಡಿಗಿಂತ ಸಣ್ಣದು. ಆದರೂ ಮೊನೆ ಮೊನೆಯೇ.

ನಾನು ಬಗ್ಗಿ ಅವರ ಕಣ್ಣಿನ ಮೇಲೆ ಅಂಗೈ ಅಡ್ಡ ಹಿಡಿದೆ.

ಹನಿ ನನ್ನ ಕೈಯ ಹಿಂಬದಿಯ ಮೇಲೆ ಬಿತ್ತು.

ಅಕ್ಕ ಏದುಸಿರು ಬಿಡುತ್ತ ಒಳಗೆ ಬಂದಳು. “ಹಾಕ್ಬೇಡಿ. ಬರೆದುಕೊಟ್ಟವಳೇ ಹೇಳ್ತಿದ್ದೀನಿ. ಸ್ಯಾಂಪಲ್ ತೆಗೆದಿದ್ದು ಸರಿ ಇರ್ಲಿಲ್ಲ. ತಪ್ಪು ನಂದು.”

ನನ್ನ ಕೈಯ ಕೆಳಗಿನಿಂದ ಗಡಿಯಾರದವರು ಮಾತಾಡಿದರು. “ಅಕ್ಕ ತಂಗಿ ಒಂದು ತೀರ್ಮಾನಕ್ಕೆ ಬನ್ನಿ. ಕತ್ತು ನೋಯ್ತಿದೆ.”

ಅವರನ್ನು ಆಸ್ಪತ್ರೆಗೆ ಕರೆತಂದೆವು. ಹೊಸ ಕಡ್ಡಿ, ತೊಳೆದು ಬಣ್ಣ ಹೋಗಿಸಿದ ಕಣ್ಣು. ಅಕ್ಕ ಒರೆಸಿ ತೆಗೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅವಳಿಗೆ ಅದು ಇಷ್ಟವಾಗಲಿಲ್ಲ.

ಸಂಜೆಯ ಹೊತ್ತಿಗೆ ಆಸಾಮಿ ಸಿಕ್ಕಿಬಿದ್ದ. ಹರ್ಪಿಸ್. ಅಕ್ಕ ವೈರಸ್ ಕೊಲ್ಲುವ ಮುಲಾಮು ಬರೆದುಕೊಟ್ಟಳು.

ಮೂರು ವಾರದ ಮೇಲೆ ಅವಳೇ ಫೋನ್ ಮಾಡಿದಳು.

“ಹುಣ್ಣು ಮಾಯ್ದಿದೆ. ಸಣ್ಣ ಕಲೆ ಉಳೀತು. ಆದ್ರೂ ಕೈಗಡಿಯಾರದ ಸಣ್ಣ ಮುಳ್ಳು ಕೂರಿಸಿ ತೋರಿಸಿದ್ರು.”

“ಥ್ಯಾಂಕ್ಸ್ ಅನ್ನೋಕೆ ಫೋನ್ ಮಾಡಿದ್ಯಾ?”

“ಅಳತೆ ಹೇಳೋಕೆ.”

ಪೂರ್ತಿ ನೆಟ್ಟಗಿರುವ ಕಣ್ಣಿನ ದೃಷ್ಟಿ 6/6. ನಾವಿಬ್ಬರೂ ಸೇರಿ ಕೆಡಿಸಿ, ಸೇರಿಯೇ ಉಳಿಸಿದ ಕಣ್ಣಿನದು ಚಾರ್ಟಿನಲ್ಲಿ ಒಂದೇ ಸಾಲು ಹಿಂದೆ, 6/9.