ಸೂರ್ಯನತ್ತ ತಿರುಗಿದ ಕಣ್ಣು

ಕೊಳವೆಯ ಬಾಯಿ ಬಿಸಿಯಾಗುತ್ತಿತ್ತು.

ಎರಡು ಡಿಗ್ರಿ ಏರಿತು. ಮತ್ತೆ ಮೂರು...

ಬಾಹ್ಯಾಕಾಶದಲ್ಲಿರುವ ದೂರದರ್ಶಕ ಸುಮ್ಮಸುಮ್ಮನೆ ಬಿಸಿಯಾಗುವುದಿಲ್ಲ. ಅದಕ್ಕಿರುವುದು ಒಂದೇ ಕಾರಣ. ಎದುರಿಗೆ ಸೂರ್ಯ ಬರುತ್ತಿದ್ದಾನೆ.

"ನೊನ್ನಾ, ಪರದೆ ಏನನ್ನತ್ತೆ?" ನಿಯಂತ್ರಣ ಮೇಜಿನ ಮುಂದೆ ಕೂತಿದ್ದ ಹುಡುಗಿಯನ್ನು ಕೇಳಿದೆ.

"ಎಲ್ಲಾ ಸರಿಯಿದೆ ಅಂತಿದೆ, ತೈಸಿಯಾ ಗೋರ್ಡೆಯೆವ್ನಾ. ಸೂರ್ಯನಿಂದ ದೂರ ಸರೀತಿದೆಯಂತೆ."

"ಸುಳ್ಳು ಹೇಳ್ತಿದೆ."

ಸುಳ್ಳು ಹಿಡಿಯುವುದೇ ನನ್ನ ಕೆಲಸ. ಆಕಾಶದಲ್ಲಿ ಏನಾದರೂ ಕೈಕೊಟ್ಟರೆ ಮಾಸ್ಕೋ ಆಚೆಯ ಈ ಕಾಡಿನ ಕೇಂದ್ರಕ್ಕೆ ನನ್ನನ್ನು ಕರೆಸುತ್ತಾರೆ. ಇಷ್ಟು ವರ್ಷಗಳಲ್ಲಿ ಒಂದು ಕಲಿತಿದ್ದೇನೆ... ಯಂತ್ರ ಸುಳ್ಳು ಹೇಳಿದರೆ, ಅದಕ್ಕೆ ಹೇಳಿಕೊಟ್ಟ ಮನುಷ್ಯನೊಬ್ಬ ಎಲ್ಲೋ ಇದ್ದೇ ಇರುತ್ತಾನೆ.

ಅಂದು ಹೊಸ ದೂರದರ್ಶಕದ ಮೊದಲ ಹೊಂದಾಣಿಕೆ ನಡೆದಿತ್ತು. ಗೊತ್ತಿರುವ ನಕ್ಷತ್ರವೊಂದಕ್ಕೆ ಗುರಿಯಿಟ್ಟು, ನೋಟ ಎಷ್ಟು ಓರೆಯಾಗಿದೆ ಎಂದು ಅಳೆದು ತಿದ್ದಬೇಕು. ಉಡಾವಣೆಯಾದಾಗಿನಿಂದ ಅದು ತನ್ನೊಳಗಿನ, ತಿರುವು ಅಳೆಯುವ ಗೈರೋಗಳನ್ನು ನಂಬಿ ತಿರುಗುತ್ತಿತ್ತು. ಸೂರ್ಯ ಎಲ್ಲಿದ್ದಾನೆಂದು ಹೇಳುವ ಸಂವೇದಕವನ್ನು ನಂಬಿದ್ದು ಅಂದೇ ಮೊದಲು. ಕೊಳವೆಯ ಮುಚ್ಚಳ ಬೆಳಿಗ್ಗೆಯೇ ತೆರೆದಾಗಿತ್ತು. ಅದನ್ನು ಮತ್ತೆ ಮುಚ್ಚಲು ಬರುವುದಿಲ್ಲ. ಬಿಸಿಲು ನೇರ ಒಳಗೆ ಬಿದ್ದರೆ ಕನ್ನಡಿ ಅದನ್ನು ಒಂದೆಡೆ ಕೂಡಿಸಿ ಕ್ಯಾಮೆರಾವನ್ನು ಸುಟ್ಟುಹಾಕುತ್ತದೆ.

ಪಾಳಿಯ ಮುಖ್ಯಸ್ಥ ವಲೆರಿಯಾನ್ ಓಸಿಪೊವಿಚ್ ಕಿಟಕಿಯ ಬಳಿ ಚಹಾ ಹಿಡಿದು ನಿಂತಿದ್ದರು. ಲೋಟದೊಳಗಿನ ಚಮಚ ಟಿಣಿಟಿಣಿ ಎನ್ನುತ್ತಿತ್ತು.

"ನಿಲ್ಲಿಸಿ," ಎಂದೆ.

"ಥರ್ಮಾಮೀಟರ್ ಕೆಟ್ಟಿದೆ. ಮುಂದುವರಿಸಿ."

"ಸೌರಫಲಕದ ಕರೆಂಟೂ ಬದಲಾಗಿದೆ. ಅದೂ ಕೆಟ್ಟಿದೆಯಾ?"

ಅವರು ಕಿಟಕಿಯತ್ತ ಮುಖ ತಿರುಗಿಸಿದರು.

"ಆ ಸಂವೇದಕಾನ ತಲೆಕೆಳಗಾಗಿ ಕೂರಿಸಿದಾರೆ. ದೂರ ಹೋಗ್ತಿದೀನಿ ಅಂದ್ಕೊಂಡು ಬೆಂಕಿ ಬಾಯಿಗೇ ಹೋಗ್ತಿದೆ. ಕಾರ್ಖಾನೇಲಿ ಅದನ್ನ ನೋಡಿ ಒಪ್ಪಿಗೆ ಕೊಟ್ಟೋರು ಯಾರು?"

ಅವರು ಲೋಟ ಕೆಳಗಿಟ್ಟರು.

"ನೋಡಮ್ಮಾ, ಈ ಕೋಣೇಲಿ ಯಜಮಾನ ನಾನು. ಜಾಸ್ತಿ ಮಾತಾಡಿದ್ರೆ ನಾಳೆಯಿಂದ ಆ ಗೇಟಿನೊಳಗೆ ಕಾಲಿಡಲ್ಲ ನೀನು."

"ನಿಮ್ಮ ಕ್ಯಾಂಟೀನ್ ಸೂಪು ತಪ್ಪಿದ್ರೆ ಆರೋಗ್ಯಕ್ಕೆ ಒಳ್ಳೇದೇ."

ಆಜ್ಞೆ ಕಳಿಸಲು ಎರಡು ಕೀಲಿ ಬೇಕು. ಒಂದು ನೊನ್ನಾಳದು. ಇನ್ನೊಂದು ಮುಖ್ಯಸ್ಥರದು. ಅವರು ತಮ್ಮ ಕೀಲಿಯನ್ನು ಕಿತ್ತು ಜೇಬಿಗಿಳಿಸಿದರು.

ಹೊರಗೆ ನಡೆದೇಬಿಟ್ಟರು.

"ಆಂಟೆನಾಗೆ ಇನ್ನೆಷ್ಟು ಹೊತ್ತು ಕಾಣತ್ತೆ, ನೊನ್ನಾ?"

"ಕಾಲು ಗಂಟೆಯೂ ಇಲ್ಲ. ಆಮೇಲೆ ದಿಗಂತದಾಚೆ ಮುಳುಗತ್ತೆ. ಮತ್ತೆ ಸಿಗೋದು ನಾಳೆ ಬೆಳಿಗ್ಗೆ."

ನಾಳೆ ಬೆಳಿಗ್ಗೆ ಸಿಗುವುದು ಹೆಣ.

"ಆಜ್ಞೆ ತಯಾರಿಡು. ಸಂವೇದಕದ ಮಾತು ಕೇಳಬೇಡ, ಗೈರೋ ನಂಬಿ ಬಂದ ದಾರೀಲೇ ಹಿಂದಕ್ಕೆ ತಿರುಗು ಅಂತ. ಅಷ್ಟೇ."

ಓಡಿದೆ.

ಮೆಟ್ಟಿಲು. ಬಾಗಿಲು. ಮೊಣಕಾಲು ಮುಳುಗುವ ಹಿಮ. ಕೋಟು ಕೂಡ ಹಾಕಿಕೊಳ್ಳದೆ ಅವರು ಕಾರು ಹತ್ತಿದ್ದರು. ಎಂಜಿನ್ ಕೆಮ್ಮಿತು. ಮತ್ತೆ ಕೆಮ್ಮಿ ಹೊತ್ತಿಕೊಂಡಿತು. ನಾನು ಮುಂದೆ ಹೋಗಿ ನಿಂತೆ.

ಕಾರು ನಿಲ್ಲಲಿಲ್ಲ...

ಬಂಪರು ಮಂಡಿಗೆ ಬಡಿಯಿತು. ಬಾನೆಟ್ಟಿನ ಮೇಲೆ ಬಿದ್ದೆ. ಗಾಜಿನ ಆಚೆ ಅವರ ಮುಖ ಒಂದು ಗೇಣು ದೂರದಲ್ಲಿತ್ತು. ಆಗ ಬ್ರೇಕು ಬಿತ್ತು.

"ಪಕ್ಕಕ್ಕೆ ಹೋಗು, ತೈಸಿಯಾ."

"ಮೈಮೇಲೇ ಹತ್ತಿಸ್ಕೊಂಡು ಹೋಗಿ. ಅದಕ್ಕೂ ಒಂದು ಸಹಿ ಹಾಕಿಬಿಡಿ."

ಕಿಟಕಿ ಇಳಿಯಿತು. ಅವರು ಅಳುತ್ತಿದ್ದರು.

"ಅವತ್ತು ಕಾರ್ಖಾನೇಲಿ ಮೇಲಿಂದ ಅವಸರ. ನೋಡದೇನೇ ಸಹಿ ಹಾಕಿದೆ. ಬಿಸಿ ಏರಿದಾಗಲೇ ನಂಗೂ ಗೊತ್ತಾಯ್ತು. ಸುಟ್ಟುಹೋದ್ರೆ ಯಾಕೆ ಸತ್ತಿತು ಅಂತ ಯಾರೂ ಹೇಳೋಕಾಗಲ್ಲ. ಬದುಕಿದ್ರೆ... ಅದೇ ನನ್ನ ಮೇಲೆ ಸಾಕ್ಷಿ ಹೇಳತ್ತೆ."

"ಹೇಳಲಿ. ನೊನ್ನಾ ಓದು ಮುಗಿಸಿದಾಗಿಂದ ಅದೊಂದನ್ನೇ ಕಟ್ಟಿದಾಳೆ. ಅವಳ ಮುಖ ನೋಡಿ ನೀವೇ ಹೇಳಿ, ಸಾಯ್ಲಿ ಬಿಡು ಅಂತ."

ಕಟ್ಟಡದ ಹಿಂದಿನ ದೊಡ್ಡ ಆಂಟೆನಾ ಮರಗಳ ತುದಿಗೆ ತಗಲುವಷ್ಟು ಬಾಗಿತ್ತು. ಅವರು ಅದನ್ನೇ ನೋಡಿದರು. ಆಮೇಲೆ ಕೈ ಹೊರಗೆ ಚಾಚಿದರು.

ಕೀಲಿ ಬೆವರಿಗೆ ಒದ್ದೆಯಾಗಿತ್ತು.

ಕುಂಟುತ್ತಾ ಮೇಲೆ ಬಂದೆ. ಎರಡು ಕೀಲಿಗಳೂ ತಿರುಗಿದವು. ಆಜ್ಞೆ ಹೋಯಿತು. ಉಷ್ಣಾಂಶ ಇನ್ನೊಂದು ಡಿಗ್ರಿ ಏರಿತು. ನಿಂತಿತು. ಅಲ್ಲಿಗೆ ಪರದೆ ಖಾಲಿ... ದೂರದರ್ಶಕ ಮುಳುಗಿತ್ತು.

ಆ ರಾತ್ರಿ ನಾನೂ ನೊನ್ನಾಳೂ ಮನೆಗೆ ಹೋಗಲಿಲ್ಲ.

ಬೆಳಿಗ್ಗೆ ಮೊದಲ ಚಿತ್ರ ಬಂತು. ನಕ್ಷತ್ರ ಸೂಜಿಮೊನೆಯಂತೆ ಚೂಪಾಗಿತ್ತು. ಚಿತ್ರದ ಒಂದು ಮೂಲೆ ಮಾತ್ರ ಕಪ್ಪು. ಅಷ್ಟು ಭಾಗ ಸುಟ್ಟಿತ್ತು. ಇನ್ನು ಅದು ಬದುಕಿರುವವರೆಗೂ ಹಾಗೆಯೇ. ನೊನ್ನಾ ಆ ಕಪ್ಪು ಮೂಲೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದಳು.

ತನಿಖೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ವಲೆರಿಯಾನ್ ಓಸಿಪೊವಿಚ್ ಎಲ್ಲವನ್ನೂ ಒಪ್ಪಿಕೊಂಡರು. ಕೆಲಸ ಹೋಯಿತು. ಹೊರಡುವ ದಿನ ಗೇಟಿನ ಬಳಿ ಎದುರಾದರು.

"ಅವತ್ತು ಕಾರಲ್ಲಿ ನಿನ್ನ ಗುದ್ದಿಬಿಡಬೇಕಿತ್ತು," ಎಂದರು.

"ಗುದ್ದಿದ್ರಲ್ಲ," ಎಂದೆ. "ಅದನ್ನೂ ಅರೆಬರೆ ಮಾಡಿದ್ರಿ."