ಗೊಲ್ಲಾಳಮ್ಮ ಪ್ಯಾಡ್ ಬಿಚ್ಚಿಡುವ ಬುಧವಾರ

ಬಸವೇಶ್ವರಿ ಮೊದಲ ಸಲ ವನದುರ್ಗಕ್ಕೆ ಹೋದಾಗ ವಿಶ್ವರಾಧ್ಯನನ್ನು ಮುದುಕನೆಂದೇ ತಿಳಿದಳು. ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಂತಿದ್ದ ಅವನ ಕೂದಲು, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಿದ್ದವು.

"ಮುತ್ಯಾ, ಗೊಲ್ಲಾಳಮ್ಮೋರ ಮನಿ ಯಾವ್ದ್ರಿ?"

ಅವನು ಟವಲಿನಿಂದ ಮುಖ ಒರೆಸಿಕೊಂಡ. ಜೋಳದ ಹಿಟ್ಟಿನ ಕೆಳಗಿಂದ ಇಪ್ಪತ್ತೆಂಟರ ಮುಖವೊಂದು ಹೊರಬಂತು. "ಇದ ಮನಿ. ಈ ಮುತ್ಯಾನ ಆಯಿ ಆಕಿ. ಒಳಗ ಅದಾಳ, ಬರ್ರಿ."

ನಾಚಿಕೆಯಲ್ಲೂ ಅವಳಿಗೆ ನಗು ತಡೆಯಲಾಗಲಿಲ್ಲ. ಆ ನಗೆಯನ್ನು ಅವನು ನೋಡಿದ. ಅವನು ನೋಡಿದ್ದನ್ನು ಒಳಗೆ ಮಂಚದ ಮೇಲಿದ್ದ ಅಜ್ಜಿ ನೋಡಿದಳು.

ಬಸವೇಶ್ವರಿಗೆ ಶಹಾಪುರದ ಒಂದು ಸಂಸ್ಥೆಯಲ್ಲಿ ಕೆಲಸ. ಬಿದ್ದರೆ ಸೊಂಟ ಮುರಿಯಬಹುದಾದ ಹಿರಿಯರಿಗೆ ಆ ಸಂಸ್ಥೆ ಎರಡೂ ಬದಿ ಮೆತ್ತನೆ ಪ್ಯಾಡ್ ಹೊಲಿದ ಚಡ್ಡಿ ಕೊಡುತ್ತಿತ್ತು. ಸೆಕೆ ಎಂದು, ನಾಚಿಕೆ ಎಂದು ಬಹಳ ಜನ ಅದನ್ನು ಟ್ರಂಕಿನಲ್ಲಿಟ್ಟುಬಿಡುತ್ತಿದ್ದರು. ತೊಟ್ಟಿದ್ದಾರೋ ಇಲ್ಲವೋ ಎಂದು ಮನೆಮನೆಗೆ ಹೋಗಿ ನೋಡುವುದು ಅವಳ ಪಾಲಿನದು. ರೂಢಿಯಾದವರ ಮನೆಗೆ ತಿಂಗಳಿಗೊಮ್ಮೆ, ಆಗದವರ ಮನೆಗೆ ವಾರಕ್ಕೊಮ್ಮೆ. ವನದುರ್ಗಕ್ಕೆ ಬುಧವಾರ.

ಗೊಲ್ಲಾಳಮ್ಮನಿಗೆ ರೂಢಿ ಆಗಲೇ ಇಲ್ಲ.

"ಇವತ್ತೂ ಹಾಕ್ಕೊಂಡಿಲ್ಲೇನಬೇ ಆಯಿ?"

"ಸೊಂಟಕ್ಕ ದಿಂಬು ಕಟ್ಕೊಂಡು ಹ್ಯಾಂಗ ತಿರಗಲವ್ವಾ? ನೀ ಕುಂದ್ರು. ಇನ್ನೊಮ್ಮಿ ಹೇಳು, ಕೇಳ್ತೀನಿ."

ಅವಳು ಇನ್ನೊಮ್ಮೆ ಹೇಳುತ್ತಿದ್ದಳು. ಗಿರಣಿ ನಿಲ್ಲುತ್ತಿತ್ತು. ಆ ಸದ್ದು ನಿಂತ ಮೇಲೆ ಬರುವ ಮೌನದಲ್ಲಿ, ಬಾಗಿಲ ಬೆಳಕಿಗೆ ಹಿಟ್ಟಿನ ದೂಳು ಬಂಗಾರದಂತೆ ತೇಲುತ್ತಿರುವಾಗ, ವಿಶ್ವರಾಧ್ಯ ಚಹಾ ತಂದಿಡುತ್ತಿದ್ದ.

"ನಮ್ಮ ಆಯಿ ಭಾಳ ಹಟಮಾರಿ ಅದಾಳ್ರಿ. ನಿಮಗ ತ್ರಾಸು."

"ತ್ರಾಸು ಏನಿಲ್ಲ ಬಿಡ್ರಿ," ಎಂದು ಅವಳು ಕಪ್ಪಿನೊಳಗೇ ನೋಡುತ್ತಾ ಹೇಳುತ್ತಿದ್ದಳು.

ಮರಳುವಾಗ ಸ್ಕೂಟಿ ತಾನೇ ಮೆಲ್ಲಗಾಗುತ್ತಿತ್ತು. ಕಾಲುವೆಯ ನೀರು, ಎರಡೂ ಕಡೆ ಭತ್ತದ ಹಸಿರು, ದೂರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡ. ಅವಳಿಗೆ ಯಾವುದೂ ಪೂರ್ತಿ ಕಾಣುತ್ತಿರಲಿಲ್ಲ. ಬುಧವಾರಕ್ಕೆಂದು ನೀಲಿ ಚೂಡಿದಾರವೊಂದನ್ನು ತೆಗೆದಿಡುವುದು ಅವಳಿಗೆ ಗೊತ್ತಿಲ್ಲದೆಯೇ ಅಭ್ಯಾಸವಾಗಿತ್ತು.

ದೀಪಾವಳಿ ಮುಗಿದ ಮೇಲಿನ ಒಂದು ಬುಧವಾರ ಗಿರಣಿಗೆ ಬೀಗ ಬಿದ್ದಿತ್ತು.

ಪಕ್ಕದ ಮನೆಯ ಮಸ್ತಾನಬಿ ಹೊರಬಂದು ಹೇಳಿದಳು. "ಮುಂಜಾನಿ ಬಚ್ಚಲದಾಗ ಕಾಲು ಜಾರಿ ಬಿದ್ದಾಳವಾ. ಶಹಾಪುರ ದವಾಖಾನಿಗೆ ಒಯ್ದಾರ."

"ಪ್ಯಾಡ್ ಹಾಕ್ಕೊಂಡಿದ್ದಿಲ್ಲೇನು?"

"ದಿನಾ ಹಾಕ್ಕೋತಾಳ. ಬುಧವಾರ ಅಷ್ಟ ಬಿಚ್ಚಿಡ್ತಾಳ." ಮಸ್ತಾನಬಿ ತಲೆತಗ್ಗಿಸಿದಳು. "ಹಾಕ್ಕೊಂಡಿದ್ದು ನೋಡಿದ್ರ ನೀ ವಾರಕ್ಕೊಮ್ಮಿ ಬರೂದಿಲ್ಲಲ್ಲ. ಮೊಮ್ಮಗ ನಿನ್ನ ದಾರಿ ಕಾಯೂದು ಮುದುಕಿಗೆ ಕಾಣ್ತದ."

ಆಸ್ಪತ್ರೆಯ ವರಾಂಡದಲ್ಲಿ ವಿಶ್ವರಾಧ್ಯ ಒಬ್ಬನೇ ಕುಳಿತಿದ್ದ. ಸೊಂಟದ ಎಲುಬು ಸಣ್ಣಗೆ ಬಿರುಕು ಬಿಟ್ಟಿದೆ, ಬಹಳ ದಿನ ಮಲಗಿರಬೇಕು ಎಂದು ಡಾಕ್ಟರು ಹೇಳಿದ್ದರು.

"ನಿಮಗ ಗೊತ್ತಿತ್ತೇನು?" ಅವಳು ನಿಂತೇ ಕೇಳಿದಳು.

"ಮೊದಲ ಗೊತ್ತಿದ್ದಿಲ್ಲ. ಶ್ರಾವಣದಾಗ ಗೊತ್ತಾತು. ಬ್ಯಾಡ ಅನ್ನಬೇಕಿತ್ತು. ಅನ್ನಲಿಲ್ಲ."

"ಯಾಕ?"

"ನೀವು ಬರೂದು ತಪ್ತದಂತ."

ಎಷ್ಟೋ ವಾರಗಳಿಂದ ಕೇಳಬೇಕೆಂದಿದ್ದ ಮಾತು ಅದು. ಹೀಗೆ, ಔಷಧದ ವಾಸನೆಯ ನಡುವೆ ಕೇಳಬಾರದಿತ್ತು. ಅವಳ ಕಣ್ಣು ತುಂಬಿದವು.

"ಬರ್ರಿ ಅಂದಿದ್ರ ಬರ್ತಿದ್ದೆ. ಅದಕ್ಕ ಆಯಿ ಸೊಂಟ ಪಣಕ್ಕ ಹಚ್ಚಬೇಕಿತ್ತೇನ್ರಿ?"

ಅವಳು ಒಳಗೆ ಹೋಗಿ ಅಜ್ಜಿಯ ಕೈ ಹಿಡಿದು ಬಹಳ ಹೊತ್ತು ಕುಳಿತಿದ್ದಳು. ಮರುದಿನ ವನದುರ್ಗದ ಮನೆಗಳನ್ನು ಜೊತೆಗಾರ್ತಿ ಸಾಬೇರಾಗೆ ಒಪ್ಪಿಸಿಬಿಟ್ಟಳು.

ಚಳಿಗಾಲ ಕಳೆಯಿತು. ಅವನ ಫೋನೂ ಬರಲಿಲ್ಲ. ಬರದಿದ್ದುದಕ್ಕೆ ಸಿಟ್ಟು ಬಂತು, ಸಿಟ್ಟಿನ ಅಡಿಯಲ್ಲಿ ಅವನ ಬಗ್ಗೆ ಸಣ್ಣ ಗೌರವವೂ ಹುಟ್ಟಿತು. ಸಾಬೇರಾ ಆಗಾಗ ಸುದ್ದಿ ಹೇಳುತ್ತಿದ್ದಳು: ಅಜ್ಜಿಯನ್ನು ಎಬ್ಬಿಸುವುದು, ನಡೆಸುವುದು ಎಲ್ಲ ಅವನೇ. ಗಿರಣಿ ಅರ್ಧ ದಿನ ಮಾತ್ರ.

ಯುಗಾದಿಯ ಹಿಂದಿನ ಸಂಜೆ ಶಹಾಪುರದ ಕೆರೆಯ ದಂಡೆಯಲ್ಲಿ ವಿಶ್ವರಾಧ್ಯ ಅವಳೆದುರು ನಿಂತ. ಗುಡ್ಡದ ಹಿಂದೆ ಸೂರ್ಯ ಇಳಿಯುತ್ತಿದ್ದ. ನೀರು ಕೇಸರಿಯಾಗಿತ್ತು.

"ಆಯಿ ನಡ್ಯಾಕತ್ತಾಳ್ರಿ. ಪ್ಯಾಡ್ ಒಂದಿನಾನೂ ಬಿಚ್ಚಿಲ್ಲ. ಆಕಿ ನಡೀಲಾರದ ನಿಮ್ಮ ಮುಂದ ಬರಬಾರದಂತ ಕುಂತಿದ್ದೆ."

ಅವಳು ನೀರನ್ನೇ ನೋಡುತ್ತಿದ್ದಳು. "ಈಗ ಬಂದೀರಲ್ಲ. ಏನು ಕೇಳೂದದ, ಕೇಳ್ರಿ."

"ನಮ್ಮನಿಗೆ ಬರ್ತೀರೇನ್ರಿ?" ಅವನು ಒಂದು ಹೆಜ್ಜೆ ಮುಂದೆ ಬಂದ. "ಕೆಲಸಕ್ಕಲ್ಲ. ನನ್ನ ಸಲುವಾಗಿ."

ಗಾಳಿಗೆ ಹಾರಿದ ದುಪಟ್ಟಾವನ್ನು ಅವಳು ನಿಧಾನವಾಗಿ ಎಳೆದುಕೊಂಡಳು. ಅವನಿಗೆ ಕಾಯುವುದು ಗೊತ್ತಿತ್ತು. ಕಾಯ್ದ.

"ನೀವು ಬರ್ತೀರಂತ ಸಾಬೇರಾ ನಿನ್ನಿನ ಹೇಳಿದ್ಲು," ಅವಳೆಂದಳು. "ಅಪ್ಪಗ ನಾನ ಎಲ್ಲಾ ಹೇಳೀನಿ. ಬಾಗಲದಾಗ ಕುರ್ಚಿ ಹಾಕ್ಕೊಂಡು ನಿಮ್ಮ ದಾರಿ ಕಾಯ್ಕೋತ ಕುಂತಾರ. ನಡೀರಿ, ಹೊತ್ತು ಮಾಡಬ್ಯಾಡ್ರಿ."